ಎಡಗೈಗೆ ಒಪ್ಪಿಸಿದ ವಿಮಾನ

2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಹೊರಟ ಇಂಡಿಗೋ ಸಂಸ್ಥೆಯ ಎಟಿಆರ್ ವಿಮಾನ ಶಿವಮೊಗ್ಗದ ಸೋಗಾನೆಯಲ್ಲಿ ಇಳಿಯಿತು. ಅದೇ ವರ್ಷದ ಫೆಬ್ರವರಿ 27ರಂದು ಉದ್ಘಾಟನೆಯಾಗಿದ್ದ, ರಾಷ್ಟ್ರಕವಿ ಕುವೆಂಪು ಅವರ ಹೆಸರು ಹೊತ್ತ ನಿಲ್ದಾಣದಲ್ಲಿ ನಿತ್ಯದ ಪ್ರಯಾಣಿಕ ವಿಮಾನಗಳ ಓಡಾಟ ಶುರುವಾದದ್ದು ಹಾಗೆ. 3.2 ಕಿಲೋಮೀಟರ್ ಉದ್ದದ ರನ್‌ವೇ, ಕಮಲದ ಆಕಾರದ ಕಟ್ಟಡ, ಟಿಕೆಟ್ಟಿನ ದರ, ಇನ್ನು ಬೆಂಗಳೂರಿಗೆ ಎಷ್ಟು ಹೊತ್ತು ಎಂಬ ಲೆಕ್ಕ, ಇವೆಲ್ಲ ನಮ್ಮ ಜಿಲ್ಲೆಯಲ್ಲಿ ಮನೆಮನೆಯ ಮಾತಾದವು. ಭದ್ರಾವತಿಯ ಜನ್ನಾಪುರದಲ್ಲಿ ಬೆಳೆದ ನನ್ನನ್ನು ಕಾಡಿದ್ದು ಬೇರೊಂದು ಸಣ್ಣ ಸಂಗತಿ.

ಎಟಿಆರ್ ವಿಮಾನದಲ್ಲಿ ಕ್ಯಾಪ್ಟನ್ ಕೂರುವುದು ಎಡಗಡೆಯ ಸೀಟಿನಲ್ಲಿ, ಕೋ-ಪೈಲಟ್ ಬಲಗಡೆಯಲ್ಲಿ. ಎಂಜಿನ್ನಿನ ಶಕ್ತಿಯನ್ನು ಏರಿಸಿ ಇಳಿಸುವ ಲಿವರುಗಳು ಇಬ್ಬರ ನಡುವೆ ಇವೆ. ಆದ್ದರಿಂದ ಕ್ಯಾಪ್ಟನ್ ಸ್ವತಃ ಹಾರಿಸುವಾಗ ಬಲಗೈ ಆ ಲಿವರುಗಳ ಮೇಲೆ ಹೋಗುತ್ತದೆ, ವಿಮಾನವನ್ನು ಮೇಲೆ ಕೆಳಗೆ, ಆಚೆ ಈಚೆ ತಿರುಗಿಸುವ ಹಿಡಿಕೆ ಎಡಗೈಗೆ ಉಳಿಯುತ್ತದೆ. ಈ ಹಿಡಿಕೆಗೆ ಇಂಗ್ಲಿಷಿನಲ್ಲಿ ಯೋಕ್ ಎನ್ನುತ್ತಾರೆ. ಎತ್ತುಗಳ ಹೆಗಲ ಮೇಲಿಡುವ ನೊಗಕ್ಕೂ ಅದೇ ಪದ. ಜಗತ್ತಿನಲ್ಲಿ ಹತ್ತರಲ್ಲಿ ಒಂಬತ್ತು ಜನ ಬಲಗೈಯವರು. ಅಂದಮೇಲೆ ಲೋಕದ ಬಹುಪಾಲು ಪ್ರಯಾಣಿಕ ವಿಮಾನಗಳ ಕ್ಯಾಪ್ಟನ್ನರು ತಮ್ಮ ಅಷ್ಟಾಗಿ ಪಳಗದ ಕೈಯಿಂದಲೇ ವಿಮಾನ ಏರಿಸುತ್ತಾರೆ, ಇಳಿಸುತ್ತಾರೆ. ಇಷ್ಟು ದೊಡ್ಡ ಜವಾಬ್ದಾರಿ ಎಡಗೈಗೆ ಬಂದದ್ದು ಹೇಗೆ? ಅದು ಆ ಕೈಗೆ ಕಷ್ಟವಾಗಲಿಲ್ಲವೆ?

ಕನ್ನಡದಲ್ಲಿ ಈ ಪ್ರಶ್ನೆಗೆ ತನ್ನದೇ ಆದ ಚುರುಕು ಇದೆ. ನಮ್ಮ ಕಿವಿಗೆ ‘ಬಲ’ ಎಂದರೆ ಒಂದು ದಿಕ್ಕೂ ಹೌದು, ಶಕ್ತಿಯೂ ಹೌದು. ನಂಬಿಕಸ್ತನಾದವನು ಬಲಗೈ ಬಂಟ. ಹೊಸ ಸೊಸೆ ಬಲಗಾಲಿಟ್ಟು ಒಳಗೆ ಬರಬೇಕು. ಕೆಲಸ ಕೆಟ್ಟರೆ ಅದು ಎಡವಟ್ಟು. ಊಟಕ್ಕೆ, ದಾನಕ್ಕೆ, ಪ್ರಸಾದಕ್ಕೆ ಬಲಗೈ. ಎಡಗೈ ಶೌಚಕ್ಕೆ ಮೀಸಲು. ಮಾತು ಇಲ್ಲಿಗೇ ನಿಲ್ಲಲಿಲ್ಲ. ಕನ್ನಡ, ತಮಿಳು ಸೀಮೆಗಳಲ್ಲಿ ನೂರಾರು ವರ್ಷ ಜಾತಿಗಳನ್ನೇ ಬಲಗೈ, ಎಡಗೈ ಎಂದು ಎರಡು ಬಣಗಳಾಗಿ ವಿಂಗಡಿಸಿದ್ದರು. ಬಲಗೈಯವರಿಗೆ ಹದಿನೆಂಟು ಪಣ, ಎಡಗೈಯವರಿಗೆ ಒಂಬತ್ತು ಪಣ ಎಂಬ ಲೆಕ್ಕ. ಟಿಪ್ಪುವಿನ ಪತನದ ಬೆನ್ನಲ್ಲೇ, 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ವಿಂಗಡಣೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಯಾವ ಬೀದಿಯಲ್ಲಿ ಯಾರ ಮೆರವಣಿಗೆ ಹೋಗಬೇಕು, ಯಾರು ಯಾವ ಬಾವುಟ ಹಿಡಿಯಬೇಕು ಎಂಬುದಕ್ಕೆ ಈ ಎರಡು ಬಣಗಳ ನಡುವೆ ಹೊಡೆದಾಟಗಳೇ ನಡೆದಿವೆ. ಎಡ ಮತ್ತು ಬಲ ಬರೀ ದಿಕ್ಕುಗಳಾಗಿದ್ದರೆ ಇದೆಲ್ಲ ಆಗುತ್ತಿರಲಿಲ್ಲ.

ನಾನು ಹುಟ್ಟಾ ಎಡಗೈ. ಒಂದನೇ ಕ್ಲಾಸಿನಲ್ಲಿ ಬಳಪ ಎಡಗೈಯಲ್ಲಿ ಹಿಡಿದಾಗಲೆಲ್ಲ ಗೆಣ್ಣಿನ ಮೇಲೆ ಸ್ಕೇಲಿನ ಏಟು ಬೀಳುತ್ತಿತ್ತು. ಮೂರ್ನಾಲ್ಕು ತಿಂಗಳಲ್ಲಿ ಬರವಣಿಗೆ ಬಲಗೈಗೆ ಬಂತು. ಚೆಂಡು ಎಸೆಯುವುದು, ಸೂಜಿಗೆ ದಾರ ಪೋಣಿಸುವುದು ಎಡಗೈಯಲ್ಲೇ ಉಳಿಯಿತು. ನನ್ನ ಓರಗೆಯ ಎಷ್ಟೋ ಎಡಗೈಯವರ ಕತೆ ಇದೇ. ಇಂದು ಮೈಸೂರು ಸಂಸ್ಥಾನದ ಕಾಲದ ಕಾರ್ಖಾನೆಗಳಲ್ಲಿ ಕೆಲಸಗಾರರ ಕೈಚಳಕವನ್ನು ಹೇಗೆ ಅಳೆಯುತ್ತಿದ್ದರು ಎಂಬ ವಿಷಯದ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ, ವಿಮಾನದ ಎಡಗೈಯ ಚರಿತ್ರೆ ಕುತೂಹಲ ಹುಟ್ಟಿಸಿದ್ದು ಇದರಿಂದಲೂ ಇರಬಹುದು.

ಆ ಚರಿತ್ರೆ ವಿಮಾನದ ಮೊದಲ ದಿನದಿಂದಲೇ ಶುರುವಾಗುತ್ತದೆ. 1903ರ ಡಿಸೆಂಬರ್ 17ರಂದು ಆರ್ವಿಲ್ ರೈಟ್ 12 ಸೆಕೆಂಡು ಹಾರಿದಾಗ ಆತ ಕೂತಿರಲಿಲ್ಲ, ಕೆಳಗಿನ ರೆಕ್ಕೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿದ್ದ. ಸೊಂಟವನ್ನು ಆಚೀಚೆ ಸರಿಸಿದರೆ ರೆಕ್ಕೆಯ ತುದಿಗಳು ತಿರುಚಿಕೊಂಡು ವಿಮಾನ ವಾಲುತ್ತಿತ್ತು. ಮೂತಿಯನ್ನು ಮೇಲೆತ್ತುವ, ಇಳಿಸುವ ಲಿವರ್ ಮಾತ್ರ ಎಡಗೈಯಲ್ಲಿತ್ತು. ಪೈಲಟ್ ಮಲಗುವ ಜಾಗವೂ ನಟ್ಟನಡುವೆ ಇರಲಿಲ್ಲ, ಎಡಕ್ಕೆ ಇತ್ತು. ಎಂಜಿನ್ ಬಲಕ್ಕೆ ಇದ್ದುದರಿಂದ ತೂಕ ಸರಿದೂಗಿಸಲು ಹಾಗೆ ಮಾಡಿದ್ದರು. ಎಂಜಿನ್ನಿನ ಭಾರ ಮನುಷ್ಯನಿಗಿಂತ ಹೆಚ್ಚಿದ್ದುದರಿಂದ ಬಲಗಡೆಯ ರೆಕ್ಕೆಯನ್ನು ನಾಲ್ಕು ಇಂಚಿನಷ್ಟು ಉದ್ದ ಮಾಡಿದ್ದರು.

ಕೆಲವೇ ವರ್ಷಗಳಲ್ಲಿ ರೈಟ್ ಸಹೋದರರು ಇಬ್ಬರು ಅಕ್ಕಪಕ್ಕ ಕೂರುವ ವಿಮಾನ ಮಾಡಿ, ಬೇರೆಯವರಿಗೆ ಕಲಿಸಲು ತೊಡಗಿದರು. ಅಲ್ಲಿ ಒಂದು ವಿಚಿತ್ರ ಏರ್ಪಾಡು ಇತ್ತು. ಮೂತಿ ಏರಿಸುವ ಲಿವರ್ ಇಬ್ಬರಿಗೂ ಒಂದೊಂದು, ಅವರವರ ಹೊರಗಡೆಗೆ. ವಿಮಾನವನ್ನು ವಾಲಿಸುವ ಲಿವರ್ ಮಾತ್ರ ಒಂದೇ, ಇಬ್ಬರ ನಡುವೆ. ಎಡಗಡೆ ಕೂತವನಿಗೆ ಅದು ಬಲಗೈಗೆ ಸಿಗುತ್ತದೆ, ಬಲಗಡೆ ಕೂತವನಿಗೆ ಎಡಗೈಗೆ. ಹೀಗಾಗಿ ಒಬ್ಬ ಒಂದು ಸೀಟಿನಲ್ಲಿ ಕಲಿತದ್ದನ್ನು ಇನ್ನೊಂದು ಸೀಟಿನಲ್ಲಿ ಮಾಡಬೇಕಾದರೆ ಎರಡೂ ಕೈಗಳು ತಮ್ಮ ಕೆಲಸವನ್ನು ಅದಲುಬದಲು ಮಾಡಿಕೊಳ್ಳಬೇಕು. ಪರಿಣಾಮವಾಗಿ ‘ಎಡ ಸೀಟಿನ ಪೈಲಟ್’, ‘ಬಲ ಸೀಟಿನ ಪೈಲಟ್’ ಎಂಬ ಎರಡು ಜಾತಿಯೇ ಹುಟ್ಟಿತು. 1911ರಲ್ಲಿ ಅಮೆರಿಕದ ಸೈನ್ಯ ಹೆನ್ರಿ ಆರ್ನಾಲ್ಡ್ ಮತ್ತು ಥಾಮಸ್ ಮಿಲ್ಲಿಂಗ್ ಎಂಬ ಇಬ್ಬರು ತರುಣ ಅಧಿಕಾರಿಗಳನ್ನು ಡೇಟನ್ನಿನ ರೈಟ್ ಶಾಲೆಗೆ ಕಳಿಸಿದಾಗ ಅವರು ಕಲಿತದ್ದು ಇಂಥ ವಿಮಾನದಲ್ಲೇ. ಮುಂದೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯ ಮುಖ್ಯಸ್ಥನಾದದ್ದು ಇದೇ ಆರ್ನಾಲ್ಡ್.

ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೊಗದ ಎಡಕ್ಕೆ ಕಟ್ಟಿ ಪಳಗಿಸಿದ ಎತ್ತನ್ನು ದಿಢೀರನೆ ಬಲಕ್ಕೆ ಕಟ್ಟಿದರೆ ಅದು ತಬ್ಬಿಬ್ಬಾಗುತ್ತದೆ. ಎತ್ತಿನ ಶಕ್ತಿಯೇನೂ ಕಡಿಮೆಯಾಗಿರುವುದಿಲ್ಲ. ಅದು ಕಲಿತಿರುವುದು ಒಂದು ಜಾಗವನ್ನು. ಜಾಗ ಬದಲಾದಾಗ ಕಲಿಕೆ ಮತ್ತೆ ಮೊದಲಿನಿಂದ ಶುರುವಾಗಬೇಕು.

ಮೊದಲ ಮಹಾಯುದ್ಧದ ಹೊತ್ತಿಗೆ ಒಬ್ಬನೇ ಹಾರಿಸುವ ವಿಮಾನಗಳಲ್ಲಿ ಒಂದು ಪದ್ಧತಿ ನೆಲೆಯಾಯಿತು: ಕಾಲುಗಳ ನಡುವಿನ ಸ್ಟಿಕ್ ಬಲಗೈಗೆ, ಎಂಜಿನ್ನಿನ ಥ್ರಾಟಲ್ ಎಡಗೈಗೆ. ಯುದ್ಧವಿಮಾನಗಳಲ್ಲಿ ಇದು ಇಂದಿಗೂ ಹಾಗೇ ಇದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ 1951ರಲ್ಲಿ ಹಾರಿದ ಎಚ್‌ಟಿ-2 ಎಂಬ ತರಬೇತಿ ವಿಮಾನವೂ ಈ ಸಾಲಿನದೇ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಅದರಲ್ಲಿ ಗುರು-ಶಿಷ್ಯರು ಒಬ್ಬರ ಹಿಂದೊಬ್ಬರು ಕೂರುತ್ತಿದ್ದರು. ಸ್ವತಂತ್ರ ಭಾರತದ ವಾಯುಪಡೆಯ ಒಂದು ಇಡೀ ತಲೆಮಾರು ಹಾರಾಟದ ಓನಾಮ ಕಲಿತದ್ದು ಬೆಂಗಳೂರಿನ ಈ ವಿಮಾನದಲ್ಲಿ. 2001ರ ಜನವರಿ 4ರಂದು ಬೆಂಗಳೂರಿನಲ್ಲೇ ಮೊದಲ ಸಲ ಹಾರಿದ, ಈಗ ತೇಜಸ್ ಎಂದು ಹೆಸರಾಗಿರುವ ಯುದ್ಧವಿಮಾನದಲ್ಲೂ ಎಡಗೈಗೆ ಥ್ರಾಟಲ್, ಬಲಗೈಗೆ ಸ್ಟಿಕ್. ಅಂದರೆ ಇಲ್ಲಿ ತೊಡಕು ಎಡಗೈಯವರಿಗೆ. ಹುಟ್ಟಾ ಎಡಗೈಯವನೊಬ್ಬ ಯುದ್ಧವಿಮಾನದ ಪೈಲಟ್ ಆಗಬೇಕೆಂದರೆ ಬಲಗೈಗೆ ಹಾರಾಟ ಕಲಿಸಲೇಬೇಕು. ಪ್ರಯಾಣಿಕ ವಿಮಾನದ ಕ್ಯಾಪ್ಟನ್ ಆಗುವ ಬಲಗೈಯವನು ಎಡಗೈಗೆ ಕಲಿಸಬೇಕು. ಆಕಾಶದಲ್ಲಿ ಪಳಗದ ಕೈಯ ಹಂಗಿಲ್ಲದ ಪೈಲಟ್ಟುಗಳು ನಾವು ಎಣಿಸುವುದಕ್ಕಿಂತ ಕಡಿಮೆ.

ಹಾಗಾದರೆ ದೊಡ್ಡ ವಿಮಾನಗಳಲ್ಲಿ ಕ್ಯಾಪ್ಟನ್ ಎಡಕ್ಕೆ ಯಾಕೆ ಬಂದ? ಇದಕ್ಕೆ ಒಂದೇ ಕಾರಣ ಹುಡುಕುವುದು ಸರಿಯಲ್ಲ. ಆದರೆ ನೆಲದ ಮೇಲಿನ ದಾರಿಗಳಿಗೂ ಇದಕ್ಕೂ ನಂಟಿದೆ. 1920ರ ಹೊತ್ತಿಗೆ ಲಂಡನ್-ಪ್ಯಾರಿಸ್ ನಡುವೆ ಪ್ರಯಾಣಿಕ ವಿಮಾನಗಳು ಓಡಾಡತೊಡಗಿದಾಗ ಪೈಲಟ್ಟುಗಳು ಕೆಳಗಿನ ರಸ್ತೆ, ರೈಲುಹಳಿ, ನದಿಗಳನ್ನು ನೋಡಿಕೊಂಡೇ ದಾರಿ ಹಿಡಿಯುತ್ತಿದ್ದರು. 1922ರ ಏಪ್ರಿಲ್ 7ರಂದು ಉತ್ತರ ಫ್ರಾನ್ಸಿನಲ್ಲಿ, ಮಂಜು ಕವಿದ ಹೊತ್ತಿನಲ್ಲಿ, ಒಂದೇ ರಸ್ತೆಯನ್ನು ಎದುರುಬದುರು ದಿಕ್ಕಿನಿಂದ ಅನುಸರಿಸುತ್ತಿದ್ದ ಒಂದು ಬ್ರಿಟಿಷ್, ಒಂದು ಫ್ರೆಂಚ್ ವಿಮಾನ ಡಿಕ್ಕಿ ಹೊಡೆದವು. ಎರಡರಲ್ಲೂ ಇದ್ದ ಏಳೂ ಜನ ಸತ್ತರು. ಪ್ರಯಾಣಿಕ ವಿಮಾನಗಳೆರಡು ಆಕಾಶದಲ್ಲಿ ಹೀಗೆ ಡಿಕ್ಕಿಯಾದದ್ದು ಅದೇ ಮೊದಲು. ಬಲಕ್ಕೆ ಸರಿದು ಹಾರಬೇಕೆಂಬ ನಿಯಮಕ್ಕೆ ಅದಾದ ಮೇಲೆ ಬಿಗಿ ಬಂತು. ಬಲಕ್ಕೆ ಸರಿದು ಹಾರುವವನಿಗೆ ರಸ್ತೆಯಾಗಲಿ, ಹಳಿಯಾಗಲಿ, ಎದುರಿಂದ ಬರುವ ವಿಮಾನವಾಗಲಿ ಕಾಣುವುದು ಎಡಗಡೆಯ ಕಿಟಕಿಯಲ್ಲಿ. ಅಕ್ಕಪಕ್ಕ ಕೂರುವ ಇಬ್ಬರಲ್ಲಿ ಅದು ಚೆನ್ನಾಗಿ ಕಾಣುವುದು ಎಡಗಡೆ ಕೂತವನಿಗೆ. ಮುಂದಿನ ವಿಮಾನವನ್ನು ದಾಟಿ ಹೋಗುವಾಗಲೂ ಅದರ ಬಲಕ್ಕೆ ಹೋಗಬೇಕೆಂಬುದು ಇಂದಿಗೂ ಇರುವ ನಿಯಮ. ಆಗಲೂ ದಾಟಿದ ವಿಮಾನ ಎಡಕ್ಕೇ ಇರುತ್ತದೆ. ಇಳಿಯುವ ಮುನ್ನ ನಿಲ್ದಾಣವನ್ನು ಸುತ್ತುವಾಗ ಸಾಮಾನ್ಯವಾಗಿ ಎಡಕ್ಕೆ ತಿರುಗುತ್ತಾರೆ, ರನ್‌ವೇ ಮತ್ತೆ ಎಡಗಡೆಯವನ ಕಣ್ಣಳತೆಯಲ್ಲಿ. ಹೀಗೆ ಒಂದೊಂದೇ ಅನುಕೂಲ ಸೇರಿ ಕ್ಯಾಪ್ಟನ್ನನ ಜಾಗ ಎಡವೆಂದಾಯಿತು. ಎಡಗೈಗೆ ವಿಮಾನ ಬಂದದ್ದು ಆ ಕೈಯ ಯೋಗ್ಯತೆ ನೋಡಿ ಅಲ್ಲ. ಎಡಗಣ್ಣಿಗೆ ದಾರಿ ಬೇಕಿತ್ತು, ಬಲಗೈ ನಡುವಿನ ಥ್ರಾಟಲ್ಲಿಗೆ ಹೋಯಿತು, ಉಳಿದದ್ದು ಎಡಗೈಯ ಪಾಲಿಗೆ ಬಂತು.

ಇದು ಕೇವಲ ಏರ್ಪಾಡಿನ ಮಾತು ಎಂಬುದಕ್ಕೆ ಹೆಲಿಕಾಪ್ಟರ್ ಸಾಕ್ಷಿ. ಅಲ್ಲಿ ಮುಖ್ಯ ಪೈಲಟ್ ಕೂರುವುದು ಸಾಮಾನ್ಯವಾಗಿ ಬಲಗಡೆ. ಹೆಲಿಕಾಪ್ಟರಿನ ಸ್ಟಿಕ್ಕನ್ನು ಒಂದು ಗಳಿಗೆಯೂ ಸುಲಭವಾಗಿ ಬಿಡಲಾಗದು. ಬಲಗೈ ಅದನ್ನು ಹಿಡಿದಿದ್ದರೆ ಎಡಗೈ ಪಕ್ಕದ ಇನ್ನೊಂದು ಲಿವರನ್ನೂ ನಡುವಿನ ಗುಂಡಿಗಳನ್ನೂ ನೋಡಿಕೊಳ್ಳಬಹುದು. ಒಂದೇ ಬೆಂಗಳೂರಿನಲ್ಲಿ ತಯಾರಾಗುವ ಯಂತ್ರಗಳಲ್ಲೇ ಅಧಿಕಾರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

ಇನ್ನು ಕೈ ಕಲಿಯುವ ಬಗೆ. ಬೆಂಗಳೂರಿನ ಜಕ್ಕೂರಿನಲ್ಲಿ, ಜಯಚಾಮರಾಜೇಂದ್ರ ಒಡೆಯರ್ ಅವರ ಕಾಲದಲ್ಲಿ ಶುರುವಾದ ಸರ್ಕಾರಿ ವಿಮಾನ ತರಬೇತಿ ಶಾಲೆ ಇದೆ. ದೇಶದ ಇಂಥ ಶಾಲೆಗಳು ಮತ್ತು ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ಕಾಲಕ್ಕೆ ಎಚ್‌ಎಎಲ್‌ನವರ ಪುಷ್ಪಕ್ ವಿಮಾನಗಳಿದ್ದವು, ಆಮೇಲೆ ಸೆಸ್ನಾಗಳು ಬಂದವು. ಎರಡರಲ್ಲೂ ಅಕ್ಕಪಕ್ಕ ಸೀಟು. ಸೆಸ್ನಾದಂಥ ವಿಮಾನದಲ್ಲಿ ಮೊದಲ ದಿನವೇ ವಿದ್ಯಾರ್ಥಿಯನ್ನು ಎಡಕ್ಕೆ ಕೂರಿಸುತ್ತಾರೆ. ಎಡಗೈ ಹಿಡಿಕೆಗೆ, ಬಲಗೈ ಥ್ರಾಟಲ್ಲಿಗೆ. ಬಲಗೈಯವರಿಗೆ ಇದರಲ್ಲಿ ಒಂದು ಲಾಭವೂ ಇದೆ: ರೇಡಿಯೋ ತಿರುಗಿಸಲು, ತೊಡೆಯ ಮೇಲಿನ ಪ್ಯಾಡಿನಲ್ಲಿ ಬರೆದುಕೊಳ್ಳಲು ಬಲಗೈ ಬಿಡುವಾಗಿರುತ್ತದೆ.

ಹಿಡಿಕೆ ಬೇಡುವುದು ಶಕ್ತಿಯನ್ನಲ್ಲ. ವಿಮಾನ ನೆಟ್ಟಗೆ ಹೋಗುತ್ತಿರುವಾಗ ಬೇಕಾದದ್ದು ಬೆರಳುಗಳ ಸಣ್ಣ ಒತ್ತಡ ಅಷ್ಟೆ. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಮುಷ್ಟಿ ಬಿಗಿದು ಹಿಡಿಯುವುದು. ಹೆಬ್ಬೆರಳು ಮತ್ತು ಒಂದೆರಡು ಬೆರಳುಗಳಲ್ಲಿ ಹಗುರವಾಗಿ ಹಿಡಿ ಎಂದು ಗುರುಗಳು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಈ ಮಾತು ನಮ್ಮ ಸಂಗೀತದವರಿಗೆ ಬೇಗ ಅರ್ಥವಾಗುತ್ತದೆ. ವೀಣೆಯಲ್ಲಿ ಬಲಗೈ ತಂತಿ ಮೀಟುತ್ತದೆ. ಮೆಟ್ಟಿಲ ಮೇಲೆ ತಂತಿಯನ್ನು ಒತ್ತಿ, ಎಳೆದು, ಸ್ವರದಿಂದ ಸ್ವರಕ್ಕೆ ಗಮಕ ತರುವುದು ಎಡಗೈ. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ವೀಣೆ ಶೇಷಣ್ಣನವರ (1852-1926) ಕೀರ್ತಿಯ ಅರ್ಧಪಾಲಾದರೂ ಎಡಗೈಗೆ ಸೇರಬೇಕು. ಎಡಗೈಯಲ್ಲಿ ಪ್ರಸಾದ ತಗೊಳ್ಳಬಾರದೆನ್ನುವ ನಮ್ಮದೇ ಪರಂಪರೆ ತನ್ನ ರಾಗಗಳನ್ನು ಅದೇ ಕೈಗೆ ಒಪ್ಪಿಸಿ ನಿಶ್ಚಿಂತೆಯಿಂದ ಕೂತಿದೆ.

ಒಂದು ಕೈ ಕಲಿತದ್ದರಲ್ಲಿ ಸ್ವಲ್ಪ ಪಾಲು ಇನ್ನೊಂದು ಕೈಗೂ ಸೇರುತ್ತದೆ ಎಂಬುದು ಮನಶ್ಶಾಸ್ತ್ರದಲ್ಲಿ ಹಳೆಯ ಸಂಗತಿ. 1894ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಇ.ಡಬ್ಲ್ಯು. ಸ್ಕ್ರಿಪ್ಚರ್ ಮತ್ತು ಸಂಗಡಿಗರು ಒಂದೇ ಕೈಗೆ ಅಭ್ಯಾಸ ಕೊಟ್ಟು ನೋಡಿದಾಗ, ಅಭ್ಯಾಸವೇ ಇಲ್ಲದ ಮತ್ತೊಂದು ಕೈಯೂ ಸುಧಾರಿಸಿತ್ತು. ನಮ್ಮ ಬಸ್ಸು-ಲಾರಿಗಳ ಡ್ರೈವರುಗಳನ್ನೇ ನೋಡಿ. ಸ್ಟೇರಿಂಗ್ ಬಲಕ್ಕಿರುವ ಈ ದೇಶದಲ್ಲಿ ಅವರೆಲ್ಲ ಗೇರ್ ಹಾಕುವುದು ಎಡಗೈಯಲ್ಲಿ. ಅಮೆರಿಕದಲ್ಲಿ ಅದೇ ಕೆಲಸ ಬಲಗೈಯದು. ಘಾಟಿ ರಸ್ತೆಯ ತಿರುವಿನಲ್ಲಿ ಬಸ್ಸಿನ ಗೇರ್ ಬದಲಿಸುವ ಎಡಗೈಯನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ.

ವಿಮಾನದ ವೃತ್ತಿಯಲ್ಲಿ ಈ ಕೈಬದಲಾವಣೆ ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಭಾರತದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಅದರ ಬಹುಪಾಲು ಎಡ ಸೀಟಿನಲ್ಲಿ, ಎಡಗೈಯಲ್ಲಿ. ಆಮೇಲೆ ವಿಮಾನ ಕಂಪನಿಗೆ ಸೇರಿದರೆ ಕೋ-ಪೈಲಟ್ಟಾಗಿ ಬಲ ಸೀಟಿಗೆ ಬರಬೇಕು: ಹಿಡಿಕೆ ಬಲಗೈಗೆ, ಥ್ರಾಟಲ್ ಎಡಗೈಗೆ. ಹುಟ್ಟಾ ಬಲಗೈಯವರಿಗೂ ಆಗ ತಮ್ಮ ಬಲಗೈ ಅಪರಿಚಿತ ಅನ್ನಿಸುತ್ತದೆ, ಯಾಕೆಂದರೆ ಹಾರಾಟ ಕಲಿತಿರುವುದು ಎಡಗೈ. ಹೊಸದಾಗಿ ತರಬೇತುದಾರರಾಗಿ ಬಲ ಸೀಟಿಗೆ ಬರುವವರ ಪಾಡೂ ಇದೇ. ಕೋ-ಪೈಲಟ್ಟಾಗಿ ವರ್ಷಗಟ್ಟಲೆ ಹಾರಿ, 1500 ಗಂಟೆಗಳ ಅನುಭವ ಬೇಡುವ ದೊಡ್ಡ ಪರವಾನಗಿ ಪಡೆದು, ಕ್ಯಾಪ್ಟನ್ ಆಗುವ ಹೊತ್ತಿಗೆ ಮತ್ತೆ ಎಡ ಸೀಟಿಗೆ, ಎಡಗೈಗೆ. ಸಿಮ್ಯುಲೇಟರಿನಲ್ಲಿ ಕೆಲವು ಅವಧಿಗಳ ಅಭ್ಯಾಸದಲ್ಲಿ ಕೈ ಹೊಂದಿಕೊಳ್ಳುತ್ತದೆ. ಜಕ್ಕೂರಿನಲ್ಲಿ ಕಲಿತ ಪರಿಚಿತರೊಬ್ಬರನ್ನು ಈ ಬಗ್ಗೆ ಕೇಳಿದಾಗ ಅವರು ನಕ್ಕುಬಿಟ್ಟರು. ಇಳಿಯುವಾಗ ನೆಲ ಎಷ್ಟು ದೂರವಿದೆಯೆಂದು ಅಳೆಯಲು ಕಣ್ಣಿಗೆ ಕಲಿಸುವುದೇ ಅವರಿಗೆ ಕಷ್ಟವಾಗಿತ್ತಂತೆ. ಕೈ ಯಾವುದೆಂಬುದು ಎರಡನೇ ವಾರಕ್ಕೆ ಮರೆತೇ ಹೋಗಿತ್ತಂತೆ.

ಎಡ ಸೀಟಿನಲ್ಲಿ ನಿಜಕ್ಕೂ ಕಲಿಯಬೇಕಾದದ್ದು ಬೇರೆ ಇದೆ. ಅದನ್ನು ಹೇಳಲು ಬೆಂಗಳೂರಿನ ಒಂದು ನೋವಿನ ನೆನಪಿಗೆ ಹೋಗಬೇಕು. 1987ರಲ್ಲಿ ಮೊದಲು ಹಾರಿದ ಏರ್‌ಬಸ್ ಎ320 ವಿಮಾನ ಎದುರಿನ ದೊಡ್ಡ ಹಿಡಿಕೆಯನ್ನೇ ತೆಗೆದುಹಾಕಿ, ಪಕ್ಕದಲ್ಲಿ ಒಂದು ಪುಟ್ಟ ಸ್ಟಿಕ್ ಇಟ್ಟಿತು. ಕ್ಯಾಪ್ಟನ್ನನ ಸ್ಟಿಕ್ ಅವನ ಎಡಕ್ಕೆ, ಕೋ-ಪೈಲಟ್ಟಿನದು ಬಲಕ್ಕೆ. ಹಳೆಯ ವಿಮಾನದಲ್ಲಾದರೆ ಕಷ್ಟದ ಗಳಿಗೆಯಲ್ಲಿ ಎರಡೂ ಕೈಯಲ್ಲಿ ಹಿಡಿಕೆ ಹಿಡಿಯಬಹುದಿತ್ತು; ಇಲ್ಲಿ ಎಲ್ಲವೂ ಎಡಗೈಯ ಮಣಿಕಟ್ಟಿಗೆ ಸೇರಿತು. ಒಬ್ಬರ ಸ್ಟಿಕ್ ಅಲುಗಿದರೆ ಇನ್ನೊಬ್ಬರದು ಅಲುಗುವುದಿಲ್ಲ. 1989ರಲ್ಲಿ ಇಂಡಿಯನ್ ಏರ್‌ಲೈನ್ಸ್ ಈ ವಿಮಾನಗಳನ್ನು ತರಿಸಿಕೊಂಡಿತು.

1990ರ ಫೆಬ್ರವರಿ 14ರಂದು ಬೊಂಬಾಯಿಯಿಂದ ಬಂದ ಇಂಥದೊಂದು ವಿಮಾನ, 146 ಜನರನ್ನು ಹೊತ್ತು, ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮುನ್ನವೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. 92 ಜನ ತೀರಿಕೊಂಡರು. ಎಡ ಸೀಟಿನಲ್ಲಿದ್ದವರು ಆ ವಿಮಾನದ ಕ್ಯಾಪ್ಟನ್ನಾಗಲು ಪರೀಕ್ಷೆಗೆ ಒಳಗಾಗುತ್ತಿದ್ದ ಪೈಲಟ್. ಬಲ ಸೀಟಿನಲ್ಲಿದ್ದವರು ಅವರನ್ನು ಪರೀಕ್ಷಿಸುತ್ತಿದ್ದ ಹಿರಿಯ ಕ್ಯಾಪ್ಟನ್. ಇಬ್ಬರೂ ಉಳಿಯಲಿಲ್ಲ. ಎಂಜಿನ್ನುಗಳು ಕನಿಷ್ಠ ಶಕ್ತಿಯಲ್ಲಿ ಉಳಿಯುವಂಥ ಸ್ವಯಂಚಾಲಿತ ಸ್ಥಿತಿಗೆ ವಿಮಾನ ಹೋಗಿತ್ತು, ವೇಗ ಇಳಿಯುತ್ತಿರುವುದು ಅರಿವಿಗೆ ಬರುವ ಹೊತ್ತಿಗೆ ತಡವಾಗಿತ್ತು ಎಂಬುದು ತನಿಖೆಯಲ್ಲಿ ಹೊರಬಂದ ಮುಖ್ಯ ಸಂಗತಿ. ಹೊಸ ಯಂತ್ರ, ಹೊಸ ಭಾಷೆ, ಇಬ್ಬರ ನಡುವೆ ಹಂಚಿಹೋದ ಗಮನ. ಅಲ್ಲಿ ಎಡಗೈಯ ತಪ್ಪು ಎಂಬುದೇನೂ ಇರಲಿಲ್ಲ. ಕೈ ಹೊಸ ಜಾಗಕ್ಕೆ ಒಗ್ಗಲು ವಾರಗಳು ಸಾಕು; ಯಂತ್ರ ಈಗ ಏನು ಮಾಡುತ್ತಿದೆ ಎಂಬುದನ್ನು ಪ್ರತಿ ಕ್ಷಣವೂ ತಿಳಿದಿರುವುದು, ಪಕ್ಕದಲ್ಲಿ ಹಿರಿಯರಿದ್ದರೂ ಕೊನೆಯ ಮಾತು ತನ್ನದೆಂದು ನಡೆದುಕೊಳ್ಳುವುದು, ಇವು ಕೈಯ ಜೊತೆ ತಾನಾಗಿ ಬರುವುದಿಲ್ಲ.

ಪೈಲಟ್ಟುಗಳ ಮಾತಿನಲ್ಲಿ ‘ಎಡ ಸೀಟಿಗೆ ಹೋದರು’ ಎಂದರೆ ಬಡ್ತಿ ಸಿಕ್ಕಿತು ಎಂದೇ ಅರ್ಥ. ನಮ್ಮ ಬೀದಿಯಲ್ಲಿ ಕೀಳಾದ ದಿಕ್ಕು ಕಾಕ್‌ಪಿಟ್ಟಿನಲ್ಲಿ ಅಧಿಕಾರದ ಗುರುತಾಗಿದೆ. ಎರಡೂ ಕಡೆ ಕೈ ಅದೇ. ಒಂದು ಎಂಜಿನ್ನಿನ ತೂಕ, ಒಂದು ರಸ್ತೆಯ ನೋಟ, ನಡುವೆ ಇಟ್ಟ ಒಂದು ಲಿವರ್ ಸೇರಿ ಆದ ಏರ್ಪಾಡು ನೂರು ವರ್ಷದಲ್ಲಿ ಪದವಿಯಾಯಿತು. ಏರ್ಪಾಡು ಹಳೆಯದಾದಷ್ಟೂ ಅದು ಹುಟ್ಟುಗುಣವೆಂಬಂತೆ ಕಾಣತೊಡಗುತ್ತದೆ. ಎಡಗೈ-ಬಲಗೈ ಪಣಗಳ ಕತೆಯಲ್ಲೂ ಆದದ್ದು ಇದೇ ಇರಬೇಕು; ಅಲ್ಲಿ ಮಾತ್ರ ಸೀಟು ಬದಲಿಸಿ ಕೂರಲು ಯಾರಿಗೂ ಬಿಡಲಿಲ್ಲ.

ಹಳೆಯ ಕಾರ್ಖಾನೆಗಳ ಬಗ್ಗೆ ಓದುವಾಗ ಕೆಲಸಗಾರರನ್ನು ಕುಶಲರು, ಅಕುಶಲರು ಎಂದು ಎರಡು ಪಟ್ಟಿ ಮಾಡಿದ್ದನ್ನು ಮತ್ತೆ ಮತ್ತೆ ನೋಡುತ್ತೇನೆ. ನಮ್ಮೂರಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿದಾಗ, ಕುಲುಮೆಯನ್ನೇ ಕಂಡಿರದ ಸುತ್ತಲಿನ ಹಳ್ಳಿಗಳ ಜನರೂ ಅಲ್ಲಿಗೆ ಕೆಲಸಕ್ಕೆ ಬಂದರು. ಅವರ ಕೈಗಳು ಕಬ್ಬಿಣದ ಕೆಲಸಕ್ಕೆ ಪಳಗಿರಲಿಲ್ಲ, ನಿಜ. ನೇಗಿಲು, ಕುಡುಗೋಲು, ಕೊಡಲಿಗಳಲ್ಲಿ ಅದೇ ಕೈಗಳು ಎಷ್ಟು ಪಳಗಿದ್ದವು ಎಂಬುದಕ್ಕೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಯಾವ ಕೈಯನ್ನಾದರೂ ‘ಇದಕ್ಕೆ ಬಾರದು’ ಎಂದು ಬರೆದಿಟ್ಟದ್ದು ಕಂಡಾಗ ನಾನೀಗ ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಆ ಕೈಯನ್ನು ಯಾವ ಸೀಟಿನಲ್ಲಿ ಕೂರಿಸಿದ್ದರು, ಅದಕ್ಕೆ ಎಷ್ಟು ದಿನ ಕೊಟ್ಟಿದ್ದರು?